ತಿರುಗಿ ಬಾಗುವವರು ಯಾರು?

ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ತನ್ನ ರಾಯಭಾರಿಯಾಗಿ ಮೆಕಾರ್ಟ್ನಿ ಎಂಬಾತನನ್ನು ಚೀನಾಕ್ಕೆ ಕಳಿಸಿದ್ದು ವ್ಯಾಪಾರದ ಮಾತುಕತೆಗೆ. 1793ರಲ್ಲಿ ಅವನು ಅಲ್ಲಿಗೆ ತಲುಪಿದಾಗ ಮಾತು ಸಿಕ್ಕಿಹಾಕಿಕೊಂಡದ್ದು ಮಾತ್ರ ಮಂಡಿಯ ವಿಷಯಕ್ಕೆ. ಚಕ್ರವರ್ತಿ ಚಿಯೆನ್‌ಲುಂಗ್‌ನ ಮುಂದೆ ಯಾರೇ ಬರಲಿ, ಮೂರು ಸಲ ಮಂಡಿಯೂರಬೇಕು. ಪ್ರತಿ ಸಲ ಮಂಡಿಯೂರಿದಾಗಲೂ ಮೂರು ಬಾರಿ ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕು. ಇದಕ್ಕೆ ಕೌಟೌ ಎನ್ನುತ್ತಾರೆ. ಮೆಕಾರ್ಟ್ನಿ ಒಪ್ಪಲಿಲ್ಲ. ನನ್ನ ದೊರೆಯ ಮುಂದೆ ಒಂದು ಮಂಡಿ ಊರುತ್ತೇನೆ, ನಿಮ್ಮ ದೊರೆಗೂ ಅಷ್ಟೇ ಎಂದ.

ಇಲ್ಲಿಯವರೆಗಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಸಾಮಾನ್ಯವಾಗಿ ಇದನ್ನು ಹೇಳುವಾಗ ಬಾಗುವ ಏಷ್ಯಾ ಒಂದು ಕಡೆ, ಬಾಗದ ಯುರೋಪು ಇನ್ನೊಂದು ಕಡೆ ಎಂದು ಹೇಳಿ ಮುಗಿಸಿಬಿಡುತ್ತಾರೆ. ಆದರೆ ಆ ಚೌಕಾಸಿಯ ನಡುವೆ ಮೆಕಾರ್ಟ್ನಿ ಇನ್ನೊಂದು ಮಾತು ಮುಂದಿಟ್ಟಿದ್ದ. ನೀವು ಹೇಳಿದ ಹಾಗೆ ಒಂಬತ್ತು ಸಲ ಹಣೆ ಮುಟ್ಟಿಸಲು ನಾನು ತಯಾರು, ನನ್ನ ದರ್ಜೆಯ ನಿಮ್ಮ ಅಧಿಕಾರಿಯೊಬ್ಬ ನಮ್ಮ ದೊರೆಯ ಚಿತ್ರಪಟದ ಮುಂದೆ ಅದನ್ನೇ ಮಾಡಲಿ. ಚೀನಾದವರು ಇದಕ್ಕೆ ಸುತರಾಂ ಒಪ್ಪಲಿಲ್ಲ. ಅಂದರೆ ಜಗಳ ಇದ್ದದ್ದು ಬಾಗುವುದರ ಬಗ್ಗೆ ಅಲ್ಲವೇ ಅಲ್ಲ. ಎದುರಿನಿಂದ ಏನು ತಿರುಗಿ ಬರುತ್ತದೆ ಎಂಬುದರ ಬಗ್ಗೆ. ಇವತ್ತು ನಾನು ಹೇಳಬೇಕೆಂದಿರುವುದೂ ಅದೇ. ಯಾರಾದರೂ ಬಾಗುವುದನ್ನು ಕಂಡಾಗ ನಾವು ಬಾಗಿದವರನ್ನೇ ನೋಡುತ್ತೇವೆ, ಎಷ್ಟು ವಿನಯ ಎನ್ನುತ್ತೇವೆ, ಇಲ್ಲವೇ ಎಂಥ ಗುಲಾಮಗಿರಿ ಎನ್ನುತ್ತೇವೆ. ಕಣ್ಣು ಒಂದಿಷ್ಟು ಆಚೆಗೆ ಹೊರಳಿಸಿ, ಎದುರಿಗಿರುವವರು ಏನು ಮಾಡುತ್ತಿದ್ದಾರೆ ಎಂದು ನೋಡಿದರೆ ಅರ್ಥ ಅಲ್ಲಿ ಸಿಗುತ್ತದೆ.

ಮೆಕಾರ್ಟ್ನಿಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಇವನು ಚೀನಾಕ್ಕೆ ಹೋಗುವ ಮೊದಲು, 1781ರಿಂದ 1785ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವನು. ಹೈದರಾಲಿ, ಟಿಪ್ಪು ಇಬ್ಬರ ಜೊತೆಗೂ ಯುದ್ಧ ನಡೆಯುತ್ತಿದ್ದ ಕಾಲ ಅದು. 1784ರ ಮಂಗಳೂರು ಒಪ್ಪಂದಕ್ಕೆ ಟಿಪ್ಪುವಿನ ಬಳಿ ಬಂದದ್ದು ಇವನು ಕಳಿಸಿದ ಪ್ರತಿನಿಧಿಗಳೇ. ಅವರು ಟೋಪಿ ತೆಗೆದು, ಒಪ್ಪಂದದ ಕಾಗದವನ್ನು ಕೈಯಲ್ಲಿ ಹಿಡಿದು ಟಿಪ್ಪುವಿನ ಮುಂದೆ ಎರಡು ಗಂಟೆ ಬೇಡಿಕೊಳ್ಳುತ್ತ ನಿಂತಿದ್ದರು ಎಂಬ ವರ್ಣನೆ ಇತಿಹಾಸದ ಪುಸ್ತಕಗಳಲ್ಲಿದೆ. ಆಸ್ಥಾನದ ಮರ್ಯಾದೆ ಅಂದರೆ ಏನೆಂದು ಮೆಕಾರ್ಟ್ನಿಗೆ ನಮ್ಮ ಮಂಗಳೂರೇ ಸ್ವಲ್ಪ ಕಲಿಸಿರಬೇಕು.

ಕೊನೆಗೆ ಚಿಯೆನ್‌ಲುಂಗ್ ಒಂದು ಮಂಡಿಗೆ ಒಪ್ಪಿಕೊಂಡ, ವ್ಯಾಪಾರದ ಬೇಡಿಕೆಗಳಿಗೆ ಮಾತ್ರ ಒಪ್ಪಲಿಲ್ಲ. ಆ ತಂಡದಲ್ಲಿ ಸ್ಟಾಂಟನ್ ಎಂಬ ಹನ್ನೆರಡು ವರ್ಷದ ಹುಡುಗನಿದ್ದ. ಹಡಗಿನಲ್ಲಿ ಬರುವಾಗಲೇ ಚೀನೀ ಭಾಷೆ ಕಲಿತಿದ್ದ. ಅವನ ಮಾತು ಕೇಳಿ ಸಂತೋಷಪಟ್ಟ ಮುದಿ ಚಕ್ರವರ್ತಿ ತನ್ನ ಸೊಂಟದ ಚೀಲವನ್ನೇ ಬಿಚ್ಚಿ ಕೊಟ್ಟ. 1816ರಲ್ಲಿ ಆಮ್‌ಹರ್ಸ್ಟ್ ಎಂಬ ಇನ್ನೊಬ್ಬ ರಾಯಭಾರಿ ಹೋದಾಗ ಕೌಟೌ ಮಾಡಲೇಬೇಡಿ ಎಂದು ಬಲವಾಗಿ ಸಲಹೆ ಕೊಟ್ಟವನು ಇದೇ ಸ್ಟಾಂಟನ್. ಆಗ ಅವನು ಬೆಳೆದ ಗಂಡಸು. ಚಕ್ರವರ್ತಿಯ ಮುಖ ನೋಡದೆ ಆ ತಂಡ ವಾಪಸಾಯಿತು. ವಿದೇಶಿ ರಾಯಭಾರಿಗಳು ಪೀಕಿಂಗಿನ, ಅಂದರೆ ಈಗಿನ ಬೀಜಿಂಗಿನ, ಅರಮನೆಯಲ್ಲಿ ನಿಂತೇ ಬಾಗಿ ಹೊರಬಂದದ್ದು 1873ರಲ್ಲಿ. ಅಷ್ಟು ಹೊತ್ತಿಗೆ ಯುರೋಪಿನವರ ಎದುರು ಚೀನಾ ಸೋತ ಎರಡು ಅಫೀಮು ಯುದ್ಧಗಳು ಮುಗಿದಿದ್ದವು. 1912ರಲ್ಲಿ ಗಣರಾಜ್ಯ ಬಂದ ಮೇಲೆ ಚೀನಾದವರೇ ಕೌಟೌ ತೆಗೆದುಹಾಕಿ, ಟೋಪಿ ತೆಗೆದು ಬಾಗಿದರೆ ಸಾಕು ಎಂದರು.

ಚಿಯೆನ್‌ಲುಂಗ್‌ನ ಬಗ್ಗೆ ದಕ್ಷಿಣ ಚೀನಾದ ಕ್ಯಾಂಟನ್ ಕಡೆ ಒಂದು ದಂತಕಥೆ ಇದೆ. ಮಾರುವೇಷದಲ್ಲಿ ಊರೂರು ತಿರುಗುತ್ತಿದ್ದ ಚಕ್ರವರ್ತಿ ಒಂದು ಟೀ ಅಂಗಡಿಯಲ್ಲಿ ತಾನೇ ಎದ್ದು ತನ್ನ ಸೇವಕರಿಗೆ ಟೀ ಬಗ್ಗಿಸಿದನಂತೆ. ಸೇವಕರಿಗೆ ಫಜೀತಿ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆ, ಬೀಳದಿದ್ದರೆ ಅಪಚಾರ. ಒಬ್ಬ ಬೆರಳು ಮಡಿಸಿ ಮೇಜಿನ ಮೇಲೆ ಮೆಲ್ಲಗೆ ತಟ್ಟಿದ. ಮಡಿಸಿದ ಬೆರಳೇ ಮಂಡಿಯೂರಿದ ಆಳು. ಇವತ್ತಿಗೂ ಆ ಕಡೆಯವರು ಯಾರಾದರೂ ಟೀ ಬಗ್ಗಿಸಿಕೊಟ್ಟರೆ ಬೆರಳಿನಿಂದ ಮೇಜು ತಟ್ಟುತ್ತಾರೆ. ಕಥೆ ನಿಜವಿರಲಿ ಬಿಡಲಿ, ತಟ್ಟುವುದಂತೂ ಇದೆ. ಹಾಂಗ್‌ಕಾಂಗ್‌ಗೆ ಹೋದರೆ ಗಮನಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಚೀನಾದ ಪ್ರಾಚೀನ ಚಿಂತಕ ಕನ್‌ಫ್ಯೂಷಿಯಸ್‌ನನ್ನು ಬಿಡಲಾಗುವುದಿಲ್ಲ. ಅವನ ಮಾತುಗಳ ಸಂಗ್ರಹದಲ್ಲಿ ಒಂದು ಕಡೆ ಟೋಪಿಯ ವಿಷಯ ಬರುತ್ತದೆ. ಸಂಪ್ರದಾಯದ ಪ್ರಕಾರ ಟೋಪಿ ನಾರಿನದಾಗಿರಬೇಕು, ಈಗಿನವರು ರೇಷ್ಮೆಯದು ಹಾಕುತ್ತಾರೆ, ಖರ್ಚು ಕಡಿಮೆ, ನಾನೂ ಹಾಗೇ ಮಾಡುತ್ತೇನೆ ಎನ್ನುತ್ತಾನೆ. ಮರುಕ್ಷಣವೇ ನಮಸ್ಕಾರದ ಮಾತು. ದೊರೆಯ ಸಭೆಗೆ ಮೆಟ್ಟಿಲು ಹತ್ತುವ ಮೊದಲು ಕೆಳಗೇ ನಿಂತು ನಮಸ್ಕರಿಸುವುದು ಪದ್ಧತಿ. ಈಗ ಎಲ್ಲರೂ ಮೇಲೆ ಹತ್ತಿದ ಮೇಲೆ ನಮಸ್ಕರಿಸುತ್ತಾರೆ. ಅದು ಸೊಕ್ಕು. ಜನ ಏನೇ ಮಾಡಲಿ, ನಾನು ಕೆಳಗೇ ನಮಸ್ಕರಿಸುತ್ತೇನೆ. ಟೋಪಿಯಲ್ಲಿ ಸಡಿಲ, ನಮಸ್ಕಾರದಲ್ಲಿ ಬಿಗಿ. ನನಗೆ ಈ ಮನುಷ್ಯ ಇಷ್ಟವಾಗುವುದು ಇಲ್ಲಿ. ಯಾವುದನ್ನು ಬಿಟ್ಟರೆ ನಡೆಯುತ್ತದೆ, ಯಾವುದನ್ನು ಬಿಟ್ಟರೆ ನಡೆಯುವುದಿಲ್ಲ ಎಂದು ಯೋಚಿಸಿದವನು. ಹಾಗೆಯೇ, ಅದೇ ಚೀನಾದಲ್ಲಿ ಕ್ರಿ.ಶ. 404ರಲ್ಲಿ ಹುಯಿಯುವಾನ್ ಎಂಬ ಬೌದ್ಧ ಭಿಕ್ಷು, ಸನ್ಯಾಸಿ ರಾಜನಿಗೆ ಬಾಗಬೇಕಿಲ್ಲ ಎಂದು ಒಂದು ಪ್ರಬಂಧವನ್ನೇ ಬರೆದ. ಬಾಗುವ ನಾಡಿನಲ್ಲಿ ಬಾಗಲಾರೆ ಎನ್ನುವವರ ಪರಂಪರೆಯೂ ಹಳೆಯದೇ.

ಇನ್ನು ಜಪಾನ್. ಅಲ್ಲಿನ ಬಾಗುವಿಕೆಗೆ ಲೆಕ್ಕವಿದೆ ಎಂದು ನೀವೆಲ್ಲ ಓದಿರುತ್ತೀರಿ. ಹಾದಿಯಲ್ಲಿ ಎದುರಾದ ಸಹೋದ್ಯೋಗಿಗೆ 15 ಡಿಗ್ರಿ, ಗ್ರಾಹಕರಿಗೆ 30, ತುಂಬ ಗೌರವಕ್ಕೆ ಅಥವಾ ಕ್ಷಮೆಗೆ 45. ಕಂಪನಿಗೆ ಹೊಸದಾಗಿ ಸೇರಿದವರಿಗೆ ಇದನ್ನು ನಿಲ್ಲಿಸಿ ಕಲಿಸುತ್ತಾರೆ. ಬೆನ್ನು ನೇರವಾಗಿರಬೇಕು, ಸೊಂಟದಿಂದ ಬಾಗಬೇಕು, ಕುತ್ತಿಗೆ ಮಾತ್ರ ಬಗ್ಗಿಸಬಾರದು. ಆದರೆ ಈ ಡಿಗ್ರಿಗಳು ಕಲಿಯುವವರಿಗೆ ಹೇಳುವ ಪಾಠ. ದಿನನಿತ್ಯದಲ್ಲಿ ಯಾರೂ ಕೋನಮಾಪಕ ಹಿಡಿದು ನಿಂತಿರುವುದಿಲ್ಲ. ಅಲ್ಲಿ ನಡೆಯುವುದು ಒಂದು ಬಗೆಯ ಸಂಭಾಷಣೆ. ಕಿರಿಯ ಮೊದಲು ಬಾಗುತ್ತಾನೆ, ಹೆಚ್ಚು ಬಾಗುತ್ತಾನೆ. ಹಿರಿಯ ಕಡಿಮೆ ಬಾಗುತ್ತಾನೆ, ಆದರೆ ಬಾಗಿಯೇ ಬಾಗುತ್ತಾನೆ. ಫೋನಿನಲ್ಲಿ ಮಾತಾಡುವಾಗಲೂ ಬಾಗುವವರನ್ನು ನೋಡಿ ಹೊರಗಿನವರು ನಗುತ್ತಾರೆ. ಫೋನಿನಲ್ಲಿ ಮಾತಾಡುತ್ತ ಗಾಳಿಯಲ್ಲಿ ಕೈ ಆಡಿಸುವ ನಾವು ನಗುವ ಹಾಗಿಲ್ಲ.

ಚಹಾ ಕೋಣೆಯ ವಿಷಯ ಇನ್ನೂ ಚೆನ್ನಾಗಿದೆ. ಹದಿನಾರನೇ ಶತಮಾನದಲ್ಲಿ ಸೆನ್ ನೊ ರಿಕ್ಯೂ ಎಂಬ ಚಹಾ ಗುರು ಇದ್ದ. ಅವನ ಪರಂಪರೆಯ ಚಹಾ ಕೋಣೆಗಳಿಗೆ ಬಾಗಿಲು ಎಂದರೆ ಸುಮಾರು ಎರಡಡಿ ಚೌಕದ ಕಿಂಡಿ. ಒಳಗೆ ಹೋಗಬೇಕಾದರೆ ಮಂಡಿಯೂರಿ ತೆವಳಬೇಕು. ಸಾಮುರಾಯ್ ಆದರೆ ಕತ್ತಿಯನ್ನು ಹೊರಗೇ ಇಟ್ಟು ಬರಬೇಕು. ದೊಡ್ಡ ಸಾಮಂತ ಬರಲಿ, ಸಾಮಾನ್ಯ ವ್ಯಾಪಾರಿ ಬರಲಿ, ಎತ್ತರ ಒಂದೇ. ಯಾರಿಗೆ ಎಷ್ಟು ಬಾಗಬೇಕು ಎಂಬ ಪ್ರಶ್ನೆಯನ್ನೇ ಬಡಗಿಯ ಕೈಯಲ್ಲಿ ತೆಗೆಸಿಹಾಕಿದ ಹಾಗೆ.

ಆದರೆ ಜಪಾನನ್ನು ಹೊಗಳಿ ಮುಗಿಸಿದರೆ ಅರ್ಧ ಸುಳ್ಳು ಹೇಳಿದಂತೆ. 1891ರ ಜನವರಿಯಲ್ಲಿ ಟೋಕಿಯೋದ ಒಂದು ಪ್ರತಿಷ್ಠಿತ ಸರ್ಕಾರಿ ಶಾಲೆಯಲ್ಲಿ ಚಕ್ರವರ್ತಿಯ ಸಹಿ ಇದ್ದ ಶಿಕ್ಷಣದ ಆದೇಶವನ್ನು ಓದಿದರು. ಆಮೇಲೆ ಶಿಕ್ಷಕರು ಒಬ್ಬೊಬ್ಬರಾಗಿ ಮುಂದೆ ಬಂದು ಆ ಸಹಿಗೆ ಆಳವಾಗಿ ಬಾಗಬೇಕು. ಉಚಿಮುರಾ ಕಾನ್‌ಝೋ ಎಂಬ ಕ್ರೈಸ್ತ ಶಿಕ್ಷಕ ತಲೆಯನ್ನು ಸ್ವಲ್ಪ ಬಗ್ಗಿಸಿ ಸರಿದುಬಿಟ್ಟ. ಬಾಗಲೇ ಇಲ್ಲ ಎನ್ನುವಂತಿಲ್ಲ, ಸಾಕಷ್ಟು ಬಾಗಲಿಲ್ಲ ಅಷ್ಟೇ. ದೇಶವೇ ಮೇಲೆ ಬಿತ್ತು. ಅವನು ಜ್ವರದಲ್ಲಿ ಮಲಗಿದ್ದಾಗ ಸಹೋದ್ಯೋಗಿಯೊಬ್ಬ ಅವನ ಪರವಾಗಿ ಹೋಗಿ ಬಾಗಿಬಂದ. ಆದರೂ ಕೆಲಸ ಹೋಯಿತು. ಕೆಲವೇ ತಿಂಗಳಲ್ಲಿ ಹೆಂಡತಿಯೂ ತೀರಿಕೊಂಡಳು. ಎದುರಿಗಿದ್ದದ್ದು ಒಂದು ಕಾಗದ ಎಂಬುದನ್ನು ಗಮನಿಸಿ. ಕಾಗದ ತಿರುಗಿ ಬಾಗುವುದಿಲ್ಲ.

ಆ ಆದೇಶ ಬಂದ ಅದೇ ಅರಮನೆಯಿಂದ ಸರಿಯಾಗಿ ನೂರು ವರ್ಷದ ನಂತರ ಬಂದ ಇನ್ನೊಂದು ದೃಶ್ಯವನ್ನು ಇದರ ಪಕ್ಕದಲ್ಲಿಡುತ್ತೇನೆ. 1991ರ ಜೂನ್ 3ರಂದು ನಾಗಸಾಕಿ ಪ್ರಾಂತ್ಯದ ಉನ್‌ಝೆನ್ ಜ್ವಾಲಾಮುಖಿಯಿಂದ ಉರಿಯುವ ಬೂದಿ, ಕಲ್ಲು ನುಗ್ಗಿ 43 ಜನ ಸತ್ತರು. ಊರು ಬಿಟ್ಟವರು ಶಾಲೆಯ ವ್ಯಾಯಾಮಶಾಲೆಗಳಲ್ಲಿ ಮಲಗಿದ್ದರು. ಜುಲೈನಲ್ಲಿ ಚಕ್ರವರ್ತಿ ಅಕಿಹಿತೊ ಮತ್ತು ಸಾಮ್ರಾಜ್ಞಿ ಮಿಚಿಕೊ ಅಲ್ಲಿಗೆ ಹೋದರು. ಅಂಗಿಯ ತೋಳು ಮಡಿಸಿಕೊಂಡಿದ್ದ ಅವರು ಆ ನೆಲದ ಮೇಲೆಯೇ ಮಂಡಿಯೂರಿ ಕೂತು, ಕೂತಿದ್ದವರ ಕಣ್ಣಿನ ಎತ್ತರಕ್ಕೆ ಇಳಿದು ಮಾತಾಡಿಸಿದರು. ಅಪ್ಪ ಹಿರೊಹಿತೊ ಒಂದು ಕಾಲಕ್ಕೆ ದೇವರೆನಿಸಿಕೊಂಡವನು. ಮಗ ವ್ಯಾಯಾಮಶಾಲೆಯ ನೆಲದ ಮೇಲೆ. ಸಂಪ್ರದಾಯಸ್ಥರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ, ಚಕ್ರವರ್ತಿ ಹೀಗೆಲ್ಲ ಮಂಡಿಯೂರಬಾರದು ಎಂದರು. 1995ರ ಕೋಬೆ ಭೂಕಂಪ, 2011ರ ಸುನಾಮಿ ಎರಡರಲ್ಲೂ ಇಬ್ಬರೂ ಅದನ್ನೇ ಮಾಡಿದರು. ಯಾರು ಬಾಗಬೇಕಾಗಿಯೇ ಇರಲಿಲ್ಲವೋ ಅವರು ಬಾಗಿದಾಗ ಮಾತ್ರ ಹೀಗೆ ಗಲಾಟೆಯಾಗುತ್ತದೆ.

ಕ್ಷಮೆಯ ಬಾಗುವಿಕೆ ಬೇರೆಯೇ ವಿಷಯ. ಕಂಪನಿಯಲ್ಲಿ ಹಗರಣವಾದರೆ ಮುಖ್ಯಸ್ಥರು ಸಾಲಾಗಿ ನಿಂತು ಕ್ಯಾಮೆರಾಗಳ ಮುಂದೆ ಬಾಗುವುದನ್ನು ನೀವು ನೋಡಿದ್ದೀರಿ. ಅದರಲ್ಲಿ ಬಹುಪಾಲು ನಾಟಕವೆಂದೇ ನನ್ನ ಅನಿಸಿಕೆ. ಒಂದನ್ನು ಮಾತ್ರ ನಾಟಕ ಎನ್ನಲಾರೆ. 1997ರ ನವೆಂಬರ್‌ನಲ್ಲಿ ನೂರು ವರ್ಷ ಹಳೆಯ ಯಮಾಯಿಚಿ ಷೇರು ಕಂಪನಿ ಮುಳುಗಿತು. ಕೆಲವೇ ತಿಂಗಳ ಹಿಂದೆ ಅಧ್ಯಕ್ಷನಾಗಿದ್ದ ನೊಝಾವಾ ಎದ್ದು ನಿಂತು ಅಳುತ್ತ ಬಾಗಿದ. ತಪ್ಪೆಲ್ಲ ನಮ್ಮದು, ನೌಕರರದೇನೂ ಇಲ್ಲ, ದಯವಿಟ್ಟು ಅವರಿಗೆ ಬೇರೆ ಕೆಲಸ ಕೊಡಿ ಎಂದ. ನಷ್ಟವನ್ನು ಬಚ್ಚಿಟ್ಟವರು ಅವನಿಗಿಂತ ಹಿಂದಿನವರು. ಬಾಗಿದವನು ಅವನು.

ಇದೇ ನಡೆ ಕೆಟ್ಟ ಕೈಗೆ ಸಿಕ್ಕರೆ ಏನಾಗುತ್ತದೆ ನೋಡಿ. ಜಪಾನಿನಲ್ಲಿ ದೊಗೆಝಾ ಎಂದು ಇದೆ, ನೆಲದ ಮೇಲೆ ಮಂಡಿಯೂರಿ ಹಣೆ ಮುಟ್ಟಿಸಿ ಬೇಡುವುದು. 2013ರಲ್ಲಿ ಸಪ್ಪೊರೊ ನಗರದ ಒಂದು ಬಟ್ಟೆ ಅಂಗಡಿಯಲ್ಲಿ, ಕೊಂಡ ವಸ್ತು ಹಾಳಾಗಿತ್ತೆಂದು ಒಬ್ಬ ಗ್ರಾಹಕಿ ಸಿಬ್ಬಂದಿಯಿಂದ ದೊಗೆಝಾ ಮಾಡಿಸಿ, ಫೋಟೊ ತೆಗೆದು ಟ್ವಿಟರ್‌ನಲ್ಲಿ ಹಾಕಿದಳು. ಪೊಲೀಸರು ಅವಳನ್ನೇ ಬಂಧಿಸಿದರು. ಗ್ರಾಹಕರ ಕಿರುಕುಳ ತಡೆಯಲು ಟೋಕಿಯೋ ಆಡಳಿತ ಮಾಡಿದ ಕಟ್ಟಳೆ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂಗಡಿಯವರು ಬಾಗುತ್ತಾರೆ, ಗ್ರಾಹಕ ತಿರುಗಿ ಬಾಗಬೇಕಿಲ್ಲ. ಆ ಸೌಜನ್ಯದಲ್ಲಿ ಈ ಅಪಾಯ ಮೊದಲಿನಿಂದಲೂ ಅಡಗಿಕೊಂಡೇ ಇತ್ತು.

ಹಾಗಾದರೆ ಮಕ್ಕಳು ಹಿರಿಯರ ಕಾಲಿಗೆ ನಮಸ್ಕರಿಸುತ್ತಾರಲ್ಲ, ಹಿರಿಯರು ತಿರುಗಿ ಬಾಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕೊರಿಯಾದಲ್ಲಿ ಚಾಂದ್ರಮಾನ ಹೊಸ ವರ್ಷದ ದಿನ ಮಕ್ಕಳು ಸಾಲಾಗಿ ನಿಂತು ಅಜ್ಜ ಅಜ್ಜಿಗೆ ನೆಲಕ್ಕೆ ಹಣೆ ಹಚ್ಚುತ್ತಾರೆ. ಅಜ್ಜ ಅಜ್ಜಿ ಕೂತೇ ಇರುತ್ತಾರೆ. ಆದರೆ ಆಶೀರ್ವಾದದ ನಾಲ್ಕು ಮಾತು ಹೇಳಲೇಬೇಕು, ಹೊಸ ನೋಟು ಕೊಡಲೇಬೇಕು. ನಮ್ಮಲ್ಲೂ ಅಷ್ಟೇ, ಕಾಲು ಮುಟ್ಟಿದವರ ತಲೆಯ ಮೇಲೆ ಕೈ ಬರದಿದ್ದರೆ ನಮಸ್ಕಾರ ಮುಗಿಯುವುದಿಲ್ಲ. ಮರಳಿ ಬರುವುದು ಬಾಗುವಿಕೆಯೇ ಆಗಬೇಕಿಲ್ಲ, ಏನಾದರೊಂದು ಬಂದರೆ ಸಾಕು. ಥಾಯ್ಲೆಂಡಿನ ಭಿಕ್ಷುಗಳು ಕೈ ಜೋಡಿಸಿದವರಿಗೆ ತಿರುಗಿ ಕೈ ಜೋಡಿಸುವುದಿಲ್ಲ. ಅದನ್ನು ನನ್ನ ಲೆಕ್ಕದೊಳಗೆ ಹಿಡಿಸಲು ನನಗೆ ಪೂರ್ತಿ ಆಗಿಲ್ಲ. ನಮಸ್ಕಾರ ಚೀವರಕ್ಕೆ, ಅಂದರೆ ಭಿಕ್ಷುವಿನ ಬಟ್ಟೆಗೆ, ಮನುಷ್ಯನಿಗಲ್ಲ ಎನ್ನುತ್ತಾರೆ. ಇರಬಹುದು. ಕೊರಿಯಾದ ಇನ್ನೊಂದು ಲೆಕ್ಕವೂ ಮಜವಾಗಿದೆ, ಬದುಕಿದ್ದವರಿಗೆ ಒಂದು ಸಲ, ಸತ್ತವರಿಗೆ ಎರಡು ಸಲ. ಅತಿ ವಿನಯದಿಂದ ಬದುಕಿದ್ದ ಮಾವನಿಗೆ ಎರಡು ಸಲ ಅಡ್ಡಬಿದ್ದರೆ ಅಳಿಯನ ಕಥೆ ಮುಗಿಯಿತು.

ಕೊರಿಯಾದವರು ಬಾಗುವುದನ್ನೇ ಪ್ರತಿಭಟನೆಯಾಗಿ ಮಾಡಿದ್ದು ನಾನು ಕೇಳಿದ ಅತ್ಯಂತ ದೊಡ್ಡ ಸಂಗತಿ. ಪಶ್ಚಿಮ ಕರಾವಳಿಯ ಸೆಮಾನ್‌ಗುಮ್ ಎಂಬಲ್ಲಿ ಸುಮಾರು 33 ಕಿಲೋಮೀಟರ್ ಉದ್ದದ ಗೋಡೆ ಕಟ್ಟಿ, ಸಮುದ್ರದ ಕೆಸರು ಬಯಲನ್ನು ಜಮೀನು ಮಾಡುವ ಯೋಜನೆ ನಡೆದಿತ್ತು. ವಲಸೆ ಹಕ್ಕಿಗಳು, ಕಪ್ಪೆಚಿಪ್ಪು ಹೆಕ್ಕಿ ಬದುಕುವ ಹೆಂಗಸರು, ಎಲ್ಲರಿಗೂ ಕುತ್ತು. 2003ರ ಮಾರ್ಚ್‌ನಲ್ಲಿ ಸುಕ್ಯುಂಗ್ ಎಂಬ ಬೌದ್ಧ ಭಿಕ್ಷು, ಮುನ್ ಕ್ಯು-ಹ್ಯೊನ್ ಎಂಬ ಕ್ಯಾಥೊಲಿಕ್ ಪಾದ್ರಿ, ಜೊತೆಗೆ ಇನ್ನೆರಡು ಪಂಥಗಳ ಧರ್ಮಗುರುಗಳು ಅಲ್ಲಿಂದ ಹೊರಟರು. ಮೂರು ಹೆಜ್ಜೆ ನಡೆಯುವುದು, ಒಂದು ಸಲ ನೆಲಕ್ಕೆ ಅಡ್ಡಬೀಳುವುದು. ಮತ್ತೆ ಮೂರು ಹೆಜ್ಜೆ, ಮತ್ತೆ ಒಂದು. ಹೀಗೆ 65 ದಿನ, 300 ಕಿಲೋಮೀಟರಿಗೂ ಹೆಚ್ಚು, ಸೋಲ್ ನಗರದವರೆಗೆ, ಡಾಂಬರು ರಸ್ತೆಯ ಮೇಲೆ. ನಮ್ಮ ಉರುಳು ಸೇವೆ ಮಾಡಿದವರಿಗೆ ಮೈ ಹೇಗಾಗಿರುತ್ತದೆಂದು ಅಂದಾಜು ಸಿಗಬಹುದು. ಯಾರಿಗೆ ಅಡ್ಡಬಿದ್ದರು? ಸರ್ಕಾರಕ್ಕಂತೂ ಅಲ್ಲ. ಸಾಯುತ್ತಿರುವ ಜೀವಗಳ ಕ್ಷಮೆ ಕೇಳುತ್ತಿದ್ದೇವೆ ಎಂದರು. ಯೋಜನೆ ನಿಲ್ಲಲಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು, ಗೋಡೆ ಕೂಡಿಕೊಂಡಿತು. ಆದರೆ ಆಮೇಲೆ ಕೊರಿಯಾದಲ್ಲಿ ಕಾರ್ಮಿಕರು, ಅನ್ಯಾಯಕ್ಕೊಳಗಾದವರು ಬೀದಿಗಿಳಿದಾಗಲೆಲ್ಲ ಮೂರು ಹೆಜ್ಜೆ ಒಂದು ನಮಸ್ಕಾರ ಎಂಬುದು ಹೋರಾಟದ ಒಂದು ಬಗೆಯಾಗಿ ಉಳಿಯಿತು.

ಈಗ ನಮ್ಮ ಮನೆಗೆ ಬರೋಣ. ಮೈಸೂರು ಸೀಮೆಯ ಹಳ್ಳಿಗಳಲ್ಲಿ "ಅಡ್ಡಬಿದ್ದೆ ಬುದ್ಧೀ" ಎನ್ನುವ ಮಾತು ಕೇಳಿದ ಹಿರಿಯರು ಇಲ್ಲಿ ಇರಬಹುದು. ಎಕ್ಕಡ ಕೈಯಲ್ಲಿ ಹಿಡಿದು, ಹೆಗಲ ಟವಲ್ಲು ಕಂಕುಳಿಗೆ ಇಳಿಸಿ, ಜಮೀನ್ದಾರನ ಜಗಲಿಯ ಕೆಳಗೆ ನಿಂತು ಹೇಳುವ ಮಾತು. ಜಗಲಿಯ ಮೇಲಿಂದ ಏನು ಬರುತ್ತಿತ್ತು? ಬಹಳ ಸಲ "ಏನ್ಲಾ" ಎಂಬ ಎರಡಕ್ಷರ. ಇದನ್ನೂ ಸಂಸ್ಕೃತಿ, ವಿನಯ ಎಂದು ಹೊಗಳುವವರಿಗೆ ನಾನು ಇಷ್ಟೇ ಹೇಳುವುದು, ಒಂದು ದಿನ ಜಗಲಿಯ ಕೆಳಗೆ ನಿಂತು ನೋಡಿ.

ಇದಕ್ಕೆ ಎದುರಾಗಿ ಹರಳಯ್ಯನ ಕಥೆ ಇದೆ. ಚಮ್ಮಾರ ಹರಳಯ್ಯ ಕಲ್ಯಾಣದ ಬೀದಿಯಲ್ಲಿ ಬಸವಣ್ಣನಿಗೆ "ಶರಣು" ಎಂದ. ಮಂತ್ರಿಯಾಗಿದ್ದ ಬಸವಣ್ಣ "ಶರಣು ಶರಣಾರ್ಥಿ" ಎಂದು ತಿರುಗಿ ಕೈಮುಗಿದ. ಹರಳಯ್ಯನಿಗೆ ನಿದ್ದೆ ಹೋಯಿತು. ನಾನು ಒಂದು ಶರಣು ಹೇಳಿದೆ, ಅಣ್ಣ ಎರಡು ಹೇಳಿದ, ಹೆಚ್ಚಿನ ಆ ಒಂದರ ಭಾರವನ್ನು ಎಲ್ಲಿ ಇಳಿಸಲಿ? ಗಂಡ ಹೆಂಡತಿ ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು, ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ ಎಂದು ಕಥೆ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾದದ್ದು, ಆಮೇಲೆ ಕಲ್ಯಾಣದಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. ಮೇಲಿನವನು ತಿರುಗಿ ಕೈಮುಗಿದರೆ ಊರು ಉರಿಯುವಷ್ಟು ದೊಡ್ಡ ವಿಷಯ ಅದು.

ಪಂಪನೂ ಇದನ್ನು ಬಲ್ಲವನು. 941ರ ಆದಿಪುರಾಣದಲ್ಲಿ, ಬಂದು ಎರಗು ಎಂದು ಭರತ ಹೇಳಿಕಳಿಸಿದಾಗ ಬಾಹುಬಲಿ ಕೊಟ್ಟ ಉತ್ತರ ಪ್ರಸಿದ್ಧವಾದದ್ದು. ಹಿರಿಯಣ್ಣನಿಗೆ ಎರಗುವುದರಲ್ಲಿ ಅವಮಾನವೇನಿದೆ, ಆದರೆ ನೆತ್ತಿಯ ಮೇಲೆ ಕತ್ತಿ ಊರಿ ಎರಗು ಎಂದರೆ ಎರಗುವುದು ಹೇಡಿತನವಲ್ಲವೇ ಎನ್ನುತ್ತಾನೆ. ಟಿಕೆಟ್ ಹಂಚಿಕೆಯ ಕಾಲದಲ್ಲಿ ನಾಯಕರ ಕಾಲಿಗೆ ಬೀಳುವವರ ಫೋಟೊ ನೋಡುವಾಗೆಲ್ಲ ನನಗೆ ಈ ಪದ್ಯ ನೆನಪಾಗುತ್ತದೆ. ಅಲ್ಲಿ ಕತ್ತಿ ಕಾಣುವುದಿಲ್ಲ, ಅಷ್ಟೇ.

ಪೀಕಿಂಗಿನಲ್ಲಿ ರಾಯಭಾರಿಗಳು ನಿಂತೇ ಬಾಗಿದ 1873ರಲ್ಲೇ ಸಯಾಮಿನಲ್ಲಿ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ, ಹರೆಯದ ದೊರೆ ಚುಲಲಾಂಗ್‌ಕಾರ್ನ್ ತನ್ನ ಮುಂದೆ ಯಾರೂ ಇನ್ನು ನೆಲದ ಮೇಲೆ ತೆವಳಬೇಕಿಲ್ಲ, ಎದ್ದು ನಿಲ್ಲಿ ಎಂದು ಆಜ್ಞೆ ಮಾಡಿದ. ಈ ಪದ್ಧತಿ ದಬ್ಬಾಳಿಕೆಯ ಗುರುತು ಎಂದ. ಮುಂದೆ ಇಪ್ಪತ್ತನೇ ಶತಮಾನದಲ್ಲಿ ಅದು ಆಸ್ಥಾನಕ್ಕೆ ಮರಳಿ ಬಂತು. ಅವನ ಹೆಸರಿನ ವಿಶ್ವವಿದ್ಯಾಲಯ ಬ್ಯಾಂಕಾಕ್‌ನಲ್ಲಿದೆ. ಅಲ್ಲಿ ಹೊಸ ವಿದ್ಯಾರ್ಥಿಗಳು ಅವನದೇ ಪ್ರತಿಮೆಯ ಮುಂದೆ ನೆಲಕ್ಕೆ ಬಾಗುವ ಸಮಾರಂಭ ಇತ್ತು. 2016ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ, ಇದನ್ನು ರದ್ದು ಮಾಡಿದವನೇ ಈ ದೊರೆಯಲ್ಲವೇ ಎಂದು ಎದ್ದು ನಿಂತು ನಡುಬಗ್ಗಿಸಿದ. ಮರುವರ್ಷ ಇನ್ನಷ್ಟು ವಿದ್ಯಾರ್ಥಿಗಳು ಜೊತೆಗೂಡಿದರು. ವಿಶ್ವವಿದ್ಯಾಲಯ ಅವರ ಮೇಲೆ ಕ್ರಮ ಕೈಗೊಂಡಿತು. ದೊರೆಯ ಆಜ್ಞೆ ಪಾಲಿಸಿದವರಿಗೆ ದೊರೆಗೆ ಅಗೌರವ ತೋರಿದ ಆರೋಪ.

ಸಭೆಯಿಂದ ಒಂದು ಚೀಟಿ ಬಂದಿದೆ. ಬಿಡದಿಯ ಕಡೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯುವಕರು ಕೇಳಿದ್ದಾರೆ, ಜಪಾನಿನಿಂದ ಅಧಿಕಾರಿಗಳು ಬಂದಾಗ ಎಷ್ಟು ಬಾಗಬೇಕು ಸಾರ್, ತಪ್ಪಾದರೆ ಏನು ಮಾಡುವುದು ಎಂದು. ಹೆದರಬೇಡಿ. ಹೊರಗಿನವರ ಡಿಗ್ರಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಗಂಡಸರು ಕೈಗಳನ್ನು ಪಕ್ಕಕ್ಕೆ ಬಿಟ್ಟು, ಹೆಂಗಸರು ಮುಂದೆ ಒಂದರ ಮೇಲೊಂದು ಇಟ್ಟು ಬಾಗಿದರೆ ಸಾಕು. ಕೈ ಜೋಡಿಸಿಕೊಂಡು ಬಾಗುವ ರೂಢಿ ಅಲ್ಲಿಲ್ಲ, ಅವರು ಕೈ ಜೋಡಿಸುವುದು ದೇವರ ಮುಂದೆ ಮತ್ತು ಊಟದ ಮುಂದೆ. ಕೈ ಕುಲುಕುತ್ತ ಬಾಗಲು ಹೋಗಬೇಡಿ, ಇಬ್ಬರ ತಲೆಯೂ ಡಿಕ್ಕಿ ಹೊಡೆಯುತ್ತದೆ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಮ್ಮೆ ಓದಿ, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಬೇಡಿ. ನೀವು ಬಾಗಿ ಎದ್ದಾಗ ಅವರು ಇನ್ನೂ ಬಾಗಿಯೇ ಇದ್ದರೆ ಮತ್ತೊಮ್ಮೆ ಸ್ವಲ್ಪ ಬಾಗಿ. ಅದನ್ನು ನೋಡಿ ಅವರೂ ಮತ್ತೊಮ್ಮೆ ಬಾಗುತ್ತಾರೆ. ಎರಡು ಮೂರು ಸುತ್ತಿಗೆ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ಹೇಗೂ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತದೆ.